ಏಳು ಕೆ.ಜಿ.ಯೊಳಗಿನ ಪ್ರಯಾಣ: ಟ್ರಾಲಿಯೋ, ಬೆನ್ನುಚೀಲವೋ, ಡಫಲೋ?

ಒಂದೇ ಕೈಬ್ಯಾಗಿನಲ್ಲಿ ಪ್ರಯಾಣ ಮುಗಿಸಬೇಕು ಅಂದುಕೊಂಡವರು ಅಂಗಡಿಗೆ ಹೋಗಿ ಮೊದಲು ಕೇಳುವುದು ‘ಇದು ಎಷ್ಟು ಲೀಟರಿನದು?’ ಅಂತ. ಅದಕ್ಕಿಂತ ಮೊದಲು ಕೇಳಬೇಕಾದ್ದು ಖಾಲಿ ಬ್ಯಾಗಿನ ತೂಕ. ದೇಶದೊಳಗಿನ ವಿಮಾನಗಳಲ್ಲಿ ಇಕಾನಮಿ ಟಿಕೆಟ್ಟಿನವರಿಗೆ ಕ್ಯಾಬಿನ್ ಬ್ಯಾಗಿನ ಸಾಮಾನ್ಯ ಮಿತಿ 7 ಕೆ.ಜಿ. ಬ್ಯಾಗೇ ಮೂರು ಕೆ.ಜಿ. ತೂಗಿದರೆ ನಿಮ್ಮ ಅರಿವೆ, ಔಷಧಿ, ಚಾರ್ಜರ್ ಎಲ್ಲಕ್ಕೂ ಉಳಿಯುವುದು ನಾಲ್ಕೇ ಕೆ.ಜಿ. ಒಳಗೆ ಜಾಗ ಎಷ್ಟಿದ್ದರೇನು, ತಕ್ಕಡಿ ಜಾಗವನ್ನು ನೋಡುವುದಿಲ್ಲ.

ಅಳತೆಯಲ್ಲಿ ಒಂದು ಸಣ್ಣ ಗೊಂದಲವಿದೆ. ಕೆಲವು ಕಡೆ 55×35×25 ಸೆಂ.ಮೀ. ಎಂದಿರುತ್ತದೆ, ಕೆಲವು ಕಡೆ 55×40×20. ಮೂರನ್ನೂ ಕೂಡಿಸಿದರೆ ಎರಡೂ 115 ಸೆಂ.ಮೀ. ಹೊಸದಾಗಿ ಕೊಳ್ಳುವವರು 55×35×20ರೊಳಗಿನ ಬ್ಯಾಗ್ ಆರಿಸಿದರೆ ಎರಡೂ ಚೌಕಟ್ಟಿಗೆ ಕೂಡುತ್ತದೆ, ವಿಮಾನ ಬದಲಾದಾಗಲೂ ಚಿಂತೆಯಿಲ್ಲ. ಟೇಪಿನಿಂದ ಅಳೆಯುವಾಗ ಗಾಲಿ, ಮೇಲಿನ ಹಿಡಿ, ಹೊರಗಿನ ಕಿಸೆ ಎಲ್ಲ ಸೇರಿಸಿ ಅಳೆಯಿರಿ. ಎಷ್ಟೋ ಟ್ರಾಲಿಗಳ ಚೀಟಿಯ ಮೇಲೆ ಡಬ್ಬಿಯ ಅಳತೆ ಮಾತ್ರ ಇರುತ್ತದೆ. ಗಾಲಿ ಸೇರಿದರೆ ಅದೇ ಬ್ಯಾಗ್ ನಾಲ್ಕು–ಐದು ಸೆಂ.ಮೀ. ಉದ್ದವಾಗುತ್ತದೆ.

ಮೂರು ಬ್ಯಾಗುಗಳ ಲೆಕ್ಕ

ನಾಲ್ಕು ಗಾಲಿಯ ಗಟ್ಟಿ ಟ್ರಾಲಿ ಖಾಲಿ ಇದ್ದಾಗಲೇ ಸುಮಾರು 2.6ರಿಂದ 3.2 ಕೆ.ಜಿ. ಹೆಗಲಿಗೆ ಭಾರವಿಲ್ಲ, ಒಳಗಿನ ಡಬ್ಬಿ ಒಡೆಯುವುದಿಲ್ಲ, ಇಸ್ತ್ರಿ ಕೆಡುವುದು ಕಡಿಮೆ. ಆದರೆ ಜಗ್ಗುವ ಹಿಡಿಯ ಎರಡು ಕೊಳವೆಗಳು ಒಳಮೈಯಲ್ಲೇ ಹಾಯುವುದರಿಂದ ತಳ ಸಮ ಇರುವುದಿಲ್ಲ. ಆ ಕೊಳವೆಗಳ ನಡುವಿನ ಸಂದಿಯನ್ನು ಕಾಲುಚೀಲ, ಒಳಉಡುಪುಗಳಿಂದ ಮೊದಲು ತುಂಬದಿದ್ದರೆ ಅಷ್ಟು ಜಾಗ ಹಾಳು. ಇದರ ನಿಜವಾದ ತೊಂದರೆ ನೆಲದ್ದು. ನುಣುಪಾದ ಟೈಲ್ಸ್ ಮೇಲೆ ತಾನೇ ಓಡುವ ಈ ಚಿಕ್ಕ ಗಾಲಿಗಳು ಬಸ್ ಸ್ಟ್ಯಾಂಡಿನ ಗರಸು, ಕಿತ್ತ ಡಾಂಬರು, ಗಟಾರದ ಮೇಲಿನ ಹಾಸುಗಲ್ಲು ಬಂದ ಕೂಡಲೇ ತಿರುಗುವುದನ್ನು ನಿಲ್ಲಿಸುತ್ತವೆ. ಗಾಲಿಯ ಕವಲಿನಲ್ಲಿ ಹರಳು ಸಿಕ್ಕಿ ಒಂದು ಗಾಲಿ ಬಿಗಿದರೆ ಬ್ಯಾಗ್ ಓರೆಯಾಗಿ ಎಳೆಯುತ್ತದೆ. ಆಗ ನೂಕದೆ ಎರಡು ಗಾಲಿಯ ಮೇಲೆ ಓರೆ ಮಾಡಿ ಹಿಂದಿನಿಂದ ಜಗ್ಗಬೇಕು. ಬಸ್ಸಿನೊಳಗೆ ನಿಲ್ಲಿಸಿಟ್ಟರೆ ಬ್ರೇಕ್ ಹಾಕಿದಾಗಲೆಲ್ಲ ಡ್ರೈವರ್ ಕಡೆಗೆ ಉರುಳುತ್ತದೆ, ಅಡ್ಡ ಮಲಗಿಸಿಡಿ.

ಟ್ರಾಲಿಯೇ ಬೇಕೆಂದರೆ ಎರಡು ದೊಡ್ಡ ಗಾಲಿಯ ಬಟ್ಟೆ ಟ್ರಾಲಿ ನಮ್ಮ ಕಡೆಯ ರಸ್ತೆಗಳಿಗೆ ಮೇಲು. ತೂಕ 2ರಿಂದ 2.4 ಕೆ.ಜಿ. ಗಾಲಿ ಸುತ್ತ ತಿರುಗದೆ ನೆಟ್ಟಗೆ ಉರುಳುವುದರಿಂದ ಕಲ್ಲಿಗೆ ಸಿಕ್ಕುವುದು ಕಡಿಮೆ.

ಬೆನ್ನುಚೀಲ 30–35 ಲೀಟರಿನದು 0.9ರಿಂದ 1.4 ಕೆ.ಜಿ. ಟ್ರಾಲಿಗೆ ಹೋಲಿಸಿದರೆ ಸುಮಾರು ಒಂದೂವರೆ ಕೆ.ಜಿ. ಉಳಿತಾಯ, ಅಂದರೆ ಮೂರು ಇಳಕಲ್ ಸೀರೆಯ ತೂಕ. ಕೊಳ್ಳುವಾಗ ನೋಡಬೇಕಾದ್ದು: ಮೇಲಿನಿಂದ ಬಾಯಿ ತೆರೆಯುವ ಚೀಲ ಬೇಡ, ಮೂರು ಬದಿ ಜಿಪ್ ಇದ್ದು ಪುಸ್ತಕದಂತೆ ಬಿಚ್ಚಿಕೊಳ್ಳುವುದು ಬೇಕು. ಇಲ್ಲದಿದ್ದರೆ ತಳದಲ್ಲಿರುವ ಬನಿಯನ್ ತೆಗೆಯಲು ಇಡೀ ಗಂಟನ್ನು ಲಾಡ್ಜಿನ ಮಂಚದ ಮೇಲೆ ಸುರಿಯಬೇಕಾಗುತ್ತದೆ. ಹೆಗಲಪಟ್ಟಿ ಆರು ಸೆಂ.ಮೀ. ಆದರೂ ಅಗಲ ಇರಲಿ, ಎದೆಗೆ ಅಡ್ಡಪಟ್ಟಿ ಇರಲಿ. ಏಳು ಕೆ.ಜಿ.ಗೆ ಸೊಂಟದ ಪಟ್ಟಿ ಬೇಕಿಲ್ಲ, ಅದು ಬರೀ ಇನ್ನೂರು ಗ್ರಾಂ ಹೆಚ್ಚಿನ ಹೊರೆ. ಟ್ರೆಕ್ಕಿಂಗ್ ಚೀಲಗಳು ಹಗುರ ಇದ್ದರೂ ಉದ್ದ 60 ಸೆಂ.ಮೀ. ದಾಟುವುದು ಹೆಚ್ಚು, ಅವು ಕೌಂಟರಿನಲ್ಲೇ ಸಿಕ್ಕಿಬೀಳುತ್ತವೆ.

ತುಂಬುವಾಗ ಭಾರದ ಸಾಮಾನು ಬೆನ್ನಿಗೆ ಹತ್ತಿ, ಚೀಲದ ನಡುಮಟ್ಟದಲ್ಲಿ ಇರಬೇಕು. ಲ್ಯಾಪ್‌ಟಾಪನ್ನೋ ಕರದಂಟಿನ ಡಬ್ಬಿಯನ್ನೋ ಹೊರಗಿನ ಕಿಸೆಯಲ್ಲಿಟ್ಟರೆ ಅದೇ ತೂಕ ಹಿಂದಕ್ಕೆ ಜಗ್ಗಿ ಅರ್ಧ ತಾಸಿನಲ್ಲಿ ಹೆಗಲು ನೋಯಿಸುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯಿಂದ ಹೊರಡುವವರಿಗೆ ಇನ್ನೊಂದು ಆಯ್ಕೆ ಎದುರಾಗುತ್ತದೆ: ಮಳೆಗೆ ಮೇಲೆ ಹೊದಿಸುವ ಕವರೋ, ಒಳಗೆ ಹಾಕುವ ಪ್ಲಾಸ್ಟಿಕ್ ಚೀಲವೋ? ಒಳಗಿನದೇ ಸರಿ. ಮೇಲಿನ ಕವರು ಬೆನ್ನ ಕಡೆಯನ್ನು ಮುಚ್ಚುವುದಿಲ್ಲ. ಹೆಗಲಪಟ್ಟಿಯ ಹೊಲಿಗೆಯಿಂದ ಇಳಿದ ನೀರು ಒಳಗೇ ಸೇರುತ್ತದೆ, ಕವರಿನ ತಳದಲ್ಲಿ ನಿಂತ ನೀರು ಚೀಲವನ್ನು ಕೆಳಗಿನಿಂದ ನೆನೆಸುತ್ತದೆ. ದಪ್ಪ ಪ್ಲಾಸ್ಟಿಕ್ ಚೀಲವನ್ನು ಒಳಗೆ ಹಾಸಿ, ಅದರೊಳಗೆ ಅರಿವೆ ತುಂಬಿ, ಬಾಯಿ ಎರಡು ಸಲ ಮಡಚಿಟ್ಟರೆ ಸಾಕು.

ಡಫಲ್, ಅಂದರೆ ಉದ್ದನೆಯ ಹೆಗಲ ಬ್ಯಾಗು, ಎಲ್ಲಕ್ಕಿಂತ ಹಗುರ: ಅರ್ಧ ಕೆ.ಜಿ.ಯಿಂದ 0.9 ಕೆ.ಜಿ. ಅಗ್ಗವೂ ಹೌದು, ಸೀಟಿನ ಕೆಳಗೆ ಹೇಗೆ ಬೇಕಾದರೂ ತುರುಕಬಹುದು. ಆದರೆ ಏಳು ಕೆ.ಜಿ.ಯನ್ನು ಒಂದೇ ಹೆಗಲ ಮೇಲೆ ಹತ್ತು ನಿಮಿಷಕ್ಕಿಂತ ಹೆಚ್ಚು ಹೊರುವುದು ಕಷ್ಟ. ಇದಕ್ಕೆ ಆಕಾರವಿಲ್ಲದ ಕಾರಣ ತುಂಬಿದಷ್ಟೂ ಉಬ್ಬುತ್ತದೆ, ಗೊತ್ತಿಲ್ಲದೇ 25 ಸೆಂ.ಮೀ. ದಾಟುತ್ತದೆ. ಎರಡು ದಿನದ ಪ್ರಯಾಣಕ್ಕೆ ಮಾತ್ರ ಇದು ಒಳ್ಳೆಯದು.

ನಮ್ಮ ಮಾತು ನೇರ: ಮನೆಯಿಂದ ಆಟೋ, ಬಸ್ಸು, ಮೆಟ್ಟಿಲು, ಮತ್ತೆ ಬಸ್ಸು ಹೀಗೆ ಹೋಗುವವರಿಗೆ ಬೆನ್ನುಚೀಲ. ಮನೆ ಬಾಗಿಲಿಂದ ಕಾರಿನಲ್ಲಿ ಹೋಗಿ ಅತ್ತಲೂ ಕಾರಿನಲ್ಲೇ ಇಳಿಯುವವರಿಗೆ, ಬೆನ್ನು–ಮೊಣಕಾಲು ನೋವಿರುವ ಹಿರಿಯರಿಗೆ ಬಟ್ಟೆ ಟ್ರಾಲಿ. ಗಟ್ಟಿ ಟ್ರಾಲಿ ಕೈಬ್ಯಾಗಿನ ಪ್ರಯಾಣಕ್ಕೆ ಅಷ್ಟಾಗಿ ಹೊಂದುವುದಿಲ್ಲ, ನೋಡಲು ಎಷ್ಟೇ ಚೆಂದ ಇರಲಿ.

ಸಾಂಬ್ರಾದ ಸಣ್ಣ ವಿಮಾನ

ಬೆಂಗಳೂರಿನವರ ಸಲಹೆ ಓದಿ ಬ್ಯಾಗ್ ಕೊಂಡವರು ಇಲ್ಲಿ ಎಡವುತ್ತಾರೆ. ಬೆಳಗಾವಿಯ ವಿಮಾನ ನಿಲ್ದಾಣವಿರುವ ಸಾಂಬ್ರಾದಿಂದ ಎ.ಟಿ.ಆರ್. 72, ಎಂಬ್ರೇಯರ್ ತರಹದ ಸಣ್ಣ ವಿಮಾನಗಳೂ ಹಾರುತ್ತವೆ. ಎಂಬ್ರೇಯರ್ 145ರಲ್ಲಿ ಒಂದು ಬದಿ ಒಂಟಿ ಸೀಟು, ಇನ್ನೊಂದು ಬದಿ ಜೋಡಿ ಸೀಟು. ತಲೆಯ ಮೇಲಿನ ಗೂಡು ಜೋಡಿ ಸೀಟಿನ ಕಡೆ ಮಾತ್ರ, ಅದೂ ತಗ್ಗು. ಎ.ಟಿ.ಆರ್.ನಲ್ಲಿ ಎರಡೂ ಬದಿ ಗೂಡು ಇದ್ದರೂ ದೊಡ್ಡ ಏರ್‌ಬಸ್‌ನಷ್ಟು ಆಳ ಇಲ್ಲ. ನಿಯಮದ ಅಳತೆಯಲ್ಲೇ ಇರುವ ಗಟ್ಟಿ ಟ್ರಾಲಿಯೂ ಕೂಡದೆ, ವಿಮಾನದ ಮೆಟ್ಟಿಲ ಬಳಿ ಚೀಟಿ ಕಟ್ಟಿ ಸಾಮಾನಿನ ಕೋಣೆಗೆ ಹಾಕುವುದುಂಟು. ಮೆತ್ತನೆಯ ಬೆನ್ನುಚೀಲವಾದರೆ ಅದುಮಿ ಗೂಡಿಗೆ ತಳ್ಳಬಹುದು, ಇಲ್ಲವೇ ಮುಂದಿನ ಸೀಟಿನ ಕೆಳಗೆ ಮಲಗಿಸಬಹುದು.

ಬ್ಯಾಗ್ ಮೆಟ್ಟಿಲ ಬಳಿ ಕೈಬಿಡುವ ಸಂದರ್ಭಕ್ಕೆ ಮೊದಲೇ ತಯಾರಿರಿ. ಪವರ್ ಬ್ಯಾಂಕ್, ಬಿಡಿ ಬ್ಯಾಟರಿ, ಔಷಧಿ, ರೊಕ್ಕ, ಒಡವೆ, ಗುರುತಿನ ಚೀಟಿ ಇಷ್ಟನ್ನೂ ಒಂದು ಪುಟ್ಟ ಚೀಲದಲ್ಲಿ ಹಾಕಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದರೆ ಎತ್ತಿಕೊಂಡು ಬ್ಯಾಗ್ ಒಪ್ಪಿಸಿಬಿಡಬಹುದು. ಪವರ್ ಬ್ಯಾಂಕನ್ನು ಸಾಮಾನಿನ ಕೋಣೆಗೆ ಬಿಡುವಂತಿಲ್ಲ. ಅದರೊಳಗಿನ ಲಿಥಿಯಂ ಕೋಶ ಬಿಸಿಯಾಗಿ ಹೊತ್ತಿಕೊಂಡರೆ ಅಲ್ಲಿ ನೋಡುವವರಿರುವುದಿಲ್ಲ. 100 ವ್ಯಾಟ್-ಅವರ್‌ವರೆಗೆ ಕೇಳದೆ ಒಯ್ಯಬಹುದು, 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಲೆಕ್ಕ ಸುಲಭ: ಪವರ್ ಬ್ಯಾಂಕಿನ ಮೇಲೆ ಬರೆದಿರುವ ಎಂ.ಎ.ಎಚ್. (mAh) ಸಂಖ್ಯೆಯನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿದರೆ ವ್ಯಾಟ್-ಅವರ್ ಸಿಗುತ್ತದೆ. 10,000ದ್ದು 37, 20,000ದ್ದು 74. ಮೇಲಿನ ಅಕ್ಷರ ಅಳಿಸಿಹೋದ ಹಳೆಯ ಪವರ್ ಬ್ಯಾಂಕ್ ಇದ್ದರೆ ಮನೆಯಲ್ಲೇ ಬಿಡಿ. ಭದ್ರತೆಯವರಿಗೆ ಅಂಕಿ ಕಾಣದಿದ್ದರೆ ತೆಗೆದಿರಿಸಿಕೊಳ್ಳಬಹುದು.

ಹಣದ ವಿಷಯ ಮುಚ್ಚಿಡುವುದು ಸರಿಯಲ್ಲ. ದೇಶದೊಳಗಿನ ಹೆಚ್ಚಿನ ಸಾಮಾನ್ಯ ಟಿಕೆಟ್ಟುಗಳಲ್ಲಿ 15 ಕೆ.ಜಿ. ಚೆಕ್-ಇನ್, ಅಂದರೆ ಕೌಂಟರಿನಲ್ಲಿ ಒಪ್ಪಿಸುವ ಸಾಮಾನು, ಸೇರಿಯೇ ಇರುತ್ತದೆ. ಹಾಗಾಗಿ ಕೈಬ್ಯಾಗಿನಲ್ಲೇ ಹೋದರೆ ರೊಕ್ಕ ಉಳಿಯುತ್ತದೆ ಎಂಬುದು ಬ್ಯಾಗಿಲ್ಲದ ಅಗ್ಗದ ಟಿಕೆಟ್ ಕೊಂಡಾಗ ಮಾತ್ರ ನಿಜ. ಉಳಿದಂತೆ ಉಳಿಯುವುದು ಹೊತ್ತು. ಬೆಂಗಳೂರಿನಲ್ಲಿ ಬೆಲ್ಟಿನ ಮುಂದೆ ಕಾಯದೆ ನೇರ ಹೊರಬೀಳಬಹುದು, ವಿಮಾನ ಬದಲಿಸುವಾಗ ಬ್ಯಾಗ್ ಹಿಂದುಳಿಯುವ ಭಯವಿಲ್ಲ.

ರೈಲು, ಬಸ್ಸಿನವರಿಗೆ ತೂಕಕ್ಕಿಂತ ಎತ್ತರ ಮುಖ್ಯ

ವಿಜಯಪುರ, ಬಾಗಲಕೋಟೆಯವರು ವಿಮಾನಕ್ಕೆ ಬೆಳಗಾವಿಗೋ ಹುಬ್ಬಳ್ಳಿಗೋ ಬರುವಾಗ ಮೊದಲ ಹಂತ ಬಸ್ಸೇ. ಕೆಂಪು ಬಸ್ಸಿನಲ್ಲಿ 30 ಕೆ.ಜಿ.ವರೆಗೆ ಲಗೇಜಿಗೆ ದುಡ್ಡಿಲ್ಲ, ಆದ್ದರಿಂದ ತೂಕ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಸೀಟಿನ ಮೇಲಿನ ಕಂಬಿಯ ಅಟ್ಟ. ಅದರಲ್ಲಿ ಮೆತ್ತನೆಯ ಚೀಲ ಕೂಡುತ್ತದೆ, ಗಟ್ಟಿ ಟ್ರಾಲಿ ಅರ್ಧ ಹೊರಗೆ ಚಾಚಿ ತಿರುವಿನಲ್ಲಿ ಯಾರದೋ ತಲೆಯ ಮೇಲೆ ಬೀಳಲು ಸಿದ್ಧವಾಗಿರುತ್ತದೆ. ರೈಲಿನಲ್ಲಿ ಸ್ಲೀಪರ್ ಮತ್ತು ತ್ರೀ ಟಯರ್ ಎ.ಸಿ.ಯವರಿಗೆ 40 ಕೆ.ಜಿ. ಉಚಿತ. ತ್ರೀ ಟಯರ್ ಎ.ಸಿ. ಮತ್ತು ಚೇರ್ ಕಾರಿನಲ್ಲಿ ಪೆಟ್ಟಿಗೆಯ ಅಳತೆ 55×45×22.5 ಸೆಂ.ಮೀ. ಮೀರಬಾರದು ಎಂಬ ನಿಯಮವೂ ಇದೆ, ಅದನ್ನು ಓದಿದವರು ಕಡಿಮೆ. 2025ರ ಆಗಸ್ಟಿನಲ್ಲಿ ಶುರುವಾದ ಬೆಳಗಾವಿ–ಬೆಂಗಳೂರು ವಂದೇ ಭಾರತ್ ಪೂರಾ ಕೂತು ಹೋಗುವ ಗಾಡಿ. ಕೆಳಗೆ ಬರ್ತಿನಡಿಯ ಜಾಗವಿಲ್ಲ, ಎಲ್ಲರ ಬ್ಯಾಗೂ ತಲೆಯ ಮೇಲಿನ ಅಟ್ಟಕ್ಕೇ ಹೋಗಬೇಕು. ವಿಮಾನದ ಅಳತೆಯ ಬ್ಯಾಗ್ ಅಲ್ಲಿ ಆರಾಮವಾಗಿ ಕೂಡುತ್ತದೆ. ರಾಣಿ ಚೆನ್ನಮ್ಮ, ಗೋಲಗುಂಬಜ್ ಎಕ್ಸ್‌ಪ್ರೆಸ್‌ನಂಥ ರಾತ್ರಿಯ ಗಾಡಿಗಳಲ್ಲಿ ಬೆನ್ನುಚೀಲವನ್ನು ತಲೆದಿಂಬಾಗಿಸಿಕೊಳ್ಳಬಹುದು, ಸರಪಳಿ ಬೀಗದ ತೂಕ ಉಳಿಯುತ್ತದೆ.

ಅರಿವೆ: ಹತ್ತಿಯೋ, ಮಿಶ್ರ ನೂಲೋ?

ಜೀನ್ಸ್ ಪ್ಯಾಂಟ್ ಒಂದಕ್ಕೆ 600–800 ಗ್ರಾಂ, ತೆಳು ಮಿಶ್ರ ನೂಲಿನ ಪ್ಯಾಂಟಿಗೆ 350–400. ಜೀನ್ಸ್ ಬಿಡಲಾರದವರು ಅದನ್ನು ಮೈಮೇಲೆ ಹಾಕಿಕೊಂಡೇ ಹೊರಡಲಿ. ಬೂಟಿಗೂ ಇದೇ ಮಾತು: ಭಾರದ್ದು ಕಾಲಿಗೆ, ಹಗುರ ಚಪ್ಪಲಿ ಬ್ಯಾಗಿಗೆ. ತುಪ್ಪಳದಂಥ ದಪ್ಪ ಟರ್ಕಿ ಟವೆಲ್ ಅರ್ಧ ಕೆ.ಜಿ. ತೂಗುತ್ತದೆ, ಒದ್ದೆಯಾದರೆ ಅದರ ದುಪ್ಪಟ್ಟು. ಅದರ ಬದಲು ನಮ್ಮ ಕೈಮಗ್ಗದ ತೆಳು ಪಂಜೆ ಸುಮಾರು 150 ಗ್ರಾಂ, ಫ್ಯಾನಿನಡಿ ಎರಡು–ಮೂರು ತಾಸಿನಲ್ಲಿ ಒಣಗುತ್ತದೆ. ದುಬಾರಿ ಮೈಕ್ರೋಫೈಬರ್ ಟವೆಲ್ ತೂಕದಲ್ಲಿ ಇದಕ್ಕಿಂತ ಬಹಳ ಹಗುರವೇನಲ್ಲ, ಮೈಗೆ ಹತ್ತಿ ಅರಿವೆಯಷ್ಟು ಹಿತವೂ ಇರುವುದಿಲ್ಲ.

ಹತ್ತಿಯ ಅಂಗಿ ಬೇಸಿಗೆಗೆ ಹಿತ, ಆದರೆ ಒಗೆದು ಒಣಗಿಸುವ ಲೆಕ್ಕ ಊರಿಂದ ಊರಿಗೆ ಬೇರೆ. ಏಪ್ರಿಲ್‌ನ ವಿಜಯಪುರದ ಬಿಸಿಲಿಗೆ ಹತ್ತಿ ಅಂಗಿ ಒಂದು ತಾಸಿನಲ್ಲಿ ಗರಿಗರಿ. ಜುಲೈನಲ್ಲಿ ಬೆಳಗಾವಿ, ಗೋವಾ, ಮುಂಬೈ ಕಡೆ ಹೋದರೆ ಅದೇ ಅಂಗಿ ಎರಡನೇ ದಿನವೂ ತಣ್ಣಗೆ ಇದ್ದು ಮುಗ್ಗು ವಾಸನೆ ಹೊಡೆಯುತ್ತದೆ. ಮಳೆಗಾಲದ ಪ್ರಯಾಣಕ್ಕೆ ಹತ್ತಿ–ಪಾಲಿಯೆಸ್ಟರ್ ಮಿಶ್ರವೇ ಸರಿ. ಬೇಗ ಒಣಗಿಸುವ ಉಪಾಯ ಒಂದಿದೆ: ಹಿಂಡಿದ ಅಂಗಿಯನ್ನು ಒಣಗಿದ ಪಂಜೆಯ ಮೇಲೆ ಹಾಸಿ, ಎರಡನ್ನೂ ಸೇರಿಸಿ ಬಿಗಿಯಾಗಿ ಸುತ್ತಿ, ಸುರುಳಿಯ ಮೇಲೆ ಮೊಣಕಾಲೂರಿ ಒತ್ತಿ. ನೀರು ಪಂಜೆಗೆ ಹೋಗುತ್ತದೆ, ಒಣಗುವ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಐದು ದಿನಕ್ಕೂ ಹತ್ತು ದಿನಕ್ಕೂ ಬೇಕಾಗುವ ಅರಿವೆ ಒಂದೇ ಆಗುವುದು ಹೀಗೆ ಒಗೆಯಲು ಒಪ್ಪಿದರೆ ಮಾತ್ರ. ಒಗೆಯಲು ಮನಸ್ಸಿಲ್ಲದವರು ಚೆಕ್-ಇನ್ ಬ್ಯಾಗೇ ಒಯ್ಯಲಿ, ಅದರಲ್ಲಿ ನಾಚಿಕೆಯೇನಿಲ್ಲ.

ಸೀರೆ ಉಡುವವರಿಗೆ ಈ ವಿಷಯದ ಸಲಹೆಗಳಲ್ಲಿ ಉತ್ತರ ಸಿಗುವುದು ಕಡಿಮೆ. ಇಳಕಲ್ ಸೀರೆ ಸುಮಾರು ಅರ್ಧ ಕೆ.ಜಿ., ಜರಿ ತುಂಬಿದ ರೇಷ್ಮೆಯದು ಮುಕ್ಕಾಲು ಕೆ.ಜಿ.ಯಿಂದ ಒಂದರವರೆಗೆ. ಸೀರೆಯ ಜೊತೆಗಿನ ಪರಕರವೇ 200–250 ಗ್ರಾಂ ಎಂಬುದನ್ನು ಮರೆಯುತ್ತೇವೆ. ಒಂದೇ ಬಣ್ಣದ ಛಾಯೆಯ ಎರಡು ಸೀರೆ ಆರಿಸಿದರೆ ಒಂದು ಪರಕರದಲ್ಲಿ ಕೆಲಸ ಮುಗಿಯುತ್ತದೆ, ಕುಪ್ಪಸವನ್ನೂ ಎರಡಕ್ಕೂ ಹೊಂದುವಂತೆ ನೋಡಬಹುದು. ಇಳಕಲ್‌ನಲ್ಲಿ ಮೈಯ ಎಳೆಯನ್ನೂ ಸೆರಗಿನ ಎಳೆಯನ್ನೂ ಕೊಂಡಿ ಹಾಕಿ ಕೂಡಿಸಿರುತ್ತಾರೆ, ಆ ಜಾಗದ ಮೇಲೆ ಮಡಿಕೆ ಬಾರದಂತೆ ಮಡಚಿ. ಜರಿ ಸೀರೆಯನ್ನು ಸುರುಳಿ ಸುತ್ತಬೇಡಿ, ಬಿಗಿಯಾದ ಸುರುಳಿಯಲ್ಲಿ ಜರಿ ಮುರಿಯುತ್ತದೆ. ಅಗಲ ಮಡಿಕೆ ಮಾಡಿ, ಮಡಿಕೆಯ ಒಳಗೆ ಪಂಜೆಯನ್ನೋ ಪರಕರವನ್ನೋ ಇಟ್ಟರೆ ಗೆರೆ ಬೀಳುವುದಿಲ್ಲ. ಗಾಢ ಬಣ್ಣದ ಇಳಕಲ್ ಬಣ್ಣ ಬಿಡುವ ಸಂಭವವಿರುವುದರಿಂದ ಲಾಡ್ಜಿನ ಬಕೀಟಿನಲ್ಲಿ ಬೇರೆ ಅರಿವೆಯ ಜೊತೆ ನೆನೆಹಾಕಬೇಡಿ. ಮದುವೆಗೆ ಮೂರು ರೇಷ್ಮೆ ಸೀರೆ ಬೇಕೇಬೇಕು ಎಂದಾದರೆ ಏಳು ಕೆ.ಜಿ.ಯ ಹಟ ಬಿಡುವುದು ಒಳಿತು. ಎರಡು ವರ್ಷದೊಳಗಿನ ಕೂಸಿದ್ದವರಿಗೂ ಅಷ್ಟೇ.

ಸುತ್ತುವುದೋ ಮಡಚುವುದೋ ಎಂಬ ವಾದ ಉದ್ದಕ್ಕೂ ನಡೆದೇ ಇದೆ. ಟಿ-ಶರ್ಟ್, ಬನಿಯನ್, ಲುಂಗಿ ಸುತ್ತಿ. ಕಾಲರ್ ಇರುವ ಅಂಗಿ, ಸೀರೆ ಮಡಚಿ. ಜಿಪ್ ಎಳೆದು ಅದುಮುವ ಪುಟ್ಟ ಚೀಲಗಳ ಬಗ್ಗೆ ಎಚ್ಚರ: ಅವು ಜಾಗ ಉಳಿಸುತ್ತವೆ, ತೂಕ ಉಳಿಸುವುದಿಲ್ಲ. ಉಳಿದ ಜಾಗಕ್ಕೆ ಇನ್ನೆರಡು ಅರಿವೆ ಬಂದು ಕೂತು ಬ್ಯಾಗ್ ಎಂಟು ಕೆ.ಜಿ. ಆಗಿರುತ್ತದೆ. ಗಾಳಿ ಹೀರಿ ತೆಗೆಯುವ ಪ್ಲಾಸ್ಟಿಕ್ ಚೀಲಗಳಂತೂ ಮರಳಿ ಬರುವಾಗ ಕೈಕೊಡುತ್ತವೆ, ಲಾಡ್ಜಿನಲ್ಲಿ ಗಾಳಿ ಹೀರುವ ಯಂತ್ರ ಎಲ್ಲಿಂದ ತರುವುದು?

ಎಣ್ಣೆ, ಹಿಂಡಿ, ಕುಂದಾ

ಶಾಂಪೂ ಬಾಟಲಿ ಬೇಡ, ಕಿರಾಣಿ ಅಂಗಡಿಯ ಸರದಲ್ಲಿ ನೇತಾಡುವ ಪಾಕೀಟು ಸಾಕು. ಒಂದು ಪಾಕೀಟಿನಲ್ಲಿ ಐದಾರು ಮಿ.ಲೀ., ಒಂದು ತಲೆಸ್ನಾನಕ್ಕೆ ಒಂದು. ಬಟ್ಟೆ ಸೋಪಿನ ಬಾರಿನಲ್ಲಿ ಅಂಗೈಯರ್ಧದಷ್ಟು ತುಂಡು ಕತ್ತರಿಸಿ ಒಯ್ಯಿರಿ. ತೆಂಗಿನೆಣ್ಣೆಯದೇ ರಗಳೆ. ಸುಮಾರು 24 ಡಿಗ್ರಿಗೆ ಕರಗುವ ಎಣ್ಣೆ ಚಳಿಗಾಲದ ಬೆಳಗಿನಲ್ಲಿ ಗಟ್ಟಿಯಾಗಿದ್ದು, ಮಧ್ಯಾಹ್ನ ನೀರಾಗಿ ಮುಚ್ಚಳದಿಂದ ಇಳಿಯುತ್ತದೆ. ಮೇಲೇರಿದ ವಿಮಾನದೊಳಗೆ ಗಾಳಿಯ ಒತ್ತಡ ಕಡಿಮೆಯಾಗುವುದರಿಂದ ಅರ್ಧ ತುಂಬಿದ ಬಾಟಲಿಯೊಳಗಿನ ಗಾಳಿ ಹಿಗ್ಗಿ ಎಣ್ಣೆಯನ್ನು ಹೊರಗೆ ತಳ್ಳುತ್ತದೆ. ಚಿಕ್ಕ ಬಾಟಲಿಯನ್ನು ಕಂಠಮಟ್ಟ ತುಂಬಿ, ಮೈ ಒತ್ತಿ ಗಾಳಿ ಬಿಟ್ಟು, ಬಾಯಿಗೆ ಪ್ಲಾಸ್ಟಿಕ್ ತುಂಡು ಹಾಸಿ ಮುಚ್ಚಳ ತಿರುಗಿಸಿದರೆ ಸೋರುವುದಿಲ್ಲ. ಹೊರದೇಶದ ವಿಮಾನಕ್ಕೆ ಪ್ರತಿ ದ್ರವವೂ 100 ಮಿ.ಲೀ. ಬಾಟಲಿಯಲ್ಲಿ, ಎಲ್ಲ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಇರಬೇಕು.

ನಮ್ಮ ಕಡೆಯವರ ಬ್ಯಾಗ್ ಭದ್ರತಾ ತಪಾಸಣೆಯಲ್ಲಿ ನಿಲ್ಲುವುದು ತಿನಿಸಿಗಾಗಿ. ಉಪ್ಪಿನಕಾಯಿ, ಒಣಮೆಣಸಿನಕಾಯಿ, ಖಾರದ ಪುಡಿ ಕೈಬ್ಯಾಗಿನಲ್ಲಿ ಬೇಡ. ಇಡೀ ಒಣಕೊಬ್ಬರಿ ಬಟ್ಟಲು ಎಣ್ಣೆ ತುಂಬಿ ಬೇಗ ಹೊತ್ತಿಕೊಳ್ಳುವ ವಸ್ತುವೆಂದು ವಿಮಾನದವರು ನಿಷೇಧಿಸಿರುತ್ತಾರೆ, ಚೆಕ್-ಇನ್‌ನಲ್ಲೂ ಹಾಕಬೇಡಿ. ಶೇಂಗಾ ಹಿಂಡಿಯಲ್ಲಿ, ಅಂದರೆ ಶೇಂಗಾ ಚಟ್ನಿಪುಡಿಯಲ್ಲಿ, ಖಾರ ಇರುವುದರಿಂದ ಅದು ಅಲ್ಲಿ ನಿಂತವರ ತೀರ್ಮಾನಕ್ಕೆ ಬಿಟ್ಟದ್ದು. ರೈಲಿನವರು ಧಾರಾಳ ಒಯ್ಯಲಿ, ವಿಮಾನದವರು ಅದನ್ನೇ ನಂಬಿ ಹೊರಡಬಾರದು. ಊರ ನೆನಪಿಗೆ ಒಯ್ಯುವ ಸಿಹಿಯಲ್ಲಿ ಗೋಕಾಕ, ಅಮೀನಗಡದ ಕರದಂಟು ಮುಂದು: ಒಣದು, ಸೋರುವುದಿಲ್ಲ, ದಿನಗಟ್ಟಲೆ ತಡೆಯುತ್ತದೆ. ಬೆಳಗಾವಿ ಕುಂದಾ ಖವೆಯದು, ಮೆತ್ತಗೆ, ತಂಪಿಲ್ಲದೆ ಹೆಚ್ಚು ಹೊತ್ತು ಇಡುವಂಥದ್ದಲ್ಲ. ಅದೇ ದಿನ ತಲುಪುವುದಿದ್ದರೆ ಕುಂದಾ, ಮರುದಿನವೋ ಆಮೇಲೋ ಆದರೆ ಕರದಂಟು. ಕಡಕ್ ರೊಟ್ಟಿ ತೂಕವಿಲ್ಲದ ಬುತ್ತಿ. ಎರಡು ರಟ್ಟಿನ ನಡುವೆ ಇಟ್ಟು ದಾರ ಕಟ್ಟಿ, ಬೆನ್ನಿಗೆ ಹತ್ತುವ ಲ್ಯಾಪ್‌ಟಾಪ್ ಕಿಸೆಯಲ್ಲಿ ಸರಿಸಿದರೆ ಮುರಿಯುವುದು ಕಡಿಮೆ.

ಒಂದು ಬ್ಯಾಗಿನ ತೂಕಪಟ್ಟಿ

ಐದು ದಿನಕ್ಕೆ ಒಬ್ಬ ಗಂಡಸಿನ ಲೆಕ್ಕ, ಗ್ರಾಂಗಳಲ್ಲಿ: ಬೆನ್ನುಚೀಲ 1,100, ಅಂಗಿ ಎರಡು 440, ಟಿ-ಶರ್ಟ್ ಎರಡು 320, ತೆಳು ಪ್ಯಾಂಟ್ 400, ಒಳಉಡುಪು ನಾಲ್ಕು ಜೊತೆ 400, ಕಾಲುಚೀಲ ಮೂರು ಜೊತೆ 120, ಲುಂಗಿ 250, ಪಂಜೆ 150, ಸೋಪು, ಬ್ರಷ್, ಎಣ್ಣೆ, ಶೇವಿಂಗ್ ಸಾಮಾನು 450, ಔಷಧಿ 150, ಚಾರ್ಜರ್, ವೈರು 200, ಪವರ್ ಬ್ಯಾಂಕ್ 230, ಚಪ್ಪಲಿ 300, ಛತ್ರಿ 350, ಖಾಲಿ ನೀರಿನ ಬಾಟಲಿ 150. ಒಟ್ಟು 5,010. ಇನ್ನೂ ಎರಡು ಕೆ.ಜಿ.ಗೆ ಹತ್ತು ಗ್ರಾಂ ಕಡಿಮೆ ಉಳಿದಿದೆ. ಅದರಲ್ಲಿ ಲ್ಯಾಪ್‌ಟಾಪೋ, ಒಂದು ಕೆ.ಜಿ. ಕರದಂಟು ಮತ್ತು ಮರಳಿ ಬರುವಾಗಿನ ಖರೀದಿಯೋ ಕೂಡುತ್ತದೆ. ಇದೇ ಸಾಮಾನನ್ನು 2,900 ಗ್ರಾಂನ ಗಟ್ಟಿ ಟ್ರಾಲಿಗೆ ಹಾಕಿದರೆ 6,810. ಕರದಂಟಿನ ಮಾತೇ ಬರುವುದಿಲ್ಲ. ಕೆಲವು ಕಂಪನಿಗಳು ಕೈಬ್ಯಾಗಿನ ಜೊತೆ ಒಂದು ಲ್ಯಾಪ್‌ಟಾಪ್ ಚೀಲವನ್ನೋ ಪರ್ಸನ್ನೋ ಬೇರೆಯಾಗಿ ಬಿಡುತ್ತವೆ. ಟಿಕೆಟ್ಟಿನ ಮೇಲೆ ಹಾಗೆ ಬರೆದಿದ್ದರೆ ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ತೂಗುವುದು ಹೇಗೆ? ಕೈಯಲ್ಲಿ ಹಿಡಿದು ತೂಗುವ ಕೊಕ್ಕೆ ತಕ್ಕಡಿ ಅಗ್ಗಕ್ಕೆ ಸಿಗುತ್ತದೆ, ಆದರೆ ಕೈ ಅಲುಗಿದರೆ ಅಂಕಿ ಅಲುಗುತ್ತದೆ. ಪಟ್ಟಿಯನ್ನು ಕೊಕ್ಕೆಯ ನಡುವಿಗೆ ಸಿಕ್ಕಿಸಿ, ಅಂಕಿ ನಿಲ್ಲುವ ತನಕ ಎತ್ತಿ ಹಿಡಿದಿರಿ. ಮನುಷ್ಯರು ನಿಂತು ನೋಡುವ ತಕ್ಕಡಿಯಾದರೆ ಬ್ಯಾಗ್ ಹೊತ್ತು ಒಮ್ಮೆ, ಹೊರದೆ ಒಮ್ಮೆ ನಿಂತು ಕಳೆಯಬೇಕು. ಬರೀ ಬ್ಯಾಗನ್ನು ಅದರ ಮೇಲಿಟ್ಟರೆ ಕಡಿಮೆ ತೂಕಕ್ಕೆ ಅಂಕಿ ಸರಿ ಬಾರದಿರಬಹುದು. ಎರಡೂ ಇಲ್ಲದಿದ್ದರೆ ಓಣಿಯ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಎಲ್ಲಕ್ಕಿಂತ ನಂಬಿಕೆಯದು, ಗ್ರಾಂ ಲೆಕ್ಕ ಕೊಡುತ್ತದೆ. ಹೊರಡುವ ಹಿಂದಿನ ಸಂಜೆಯೇ ತೂಗಿಸಿ, 6.7 ಕೆ.ಜಿ.ಗೆ ನಿಲ್ಲಿಸಿ. ಕೌಂಟರಿನ ತಕ್ಕಡಿಯೂ ಮನೆಯದೂ ನೂರಿನ್ನೂರು ಗ್ರಾಂ ಹೆಚ್ಚುಕಡಿಮೆ ತೋರಿಸುವುದುಂಟು. ಬೆಳಿಗ್ಗೆ ಅವಸರದಲ್ಲಿ ಕೊನೆಗೆ ಸೇರುವ ಬುತ್ತಿ, ತುಂಬಿದ ನೀರಿನ ಬಾಟಲಿ, ಹಾಸಿಗೆ ಮೇಲೆ ಬಿಟ್ಟಿದ್ದ ಚಾರ್ಜರ್ ಇವುಗಳ ತೂಕವನ್ನೂ ಆ ಸಂಜೆಯೇ ಸೇರಿಸಿ ನೋಡಿ. ಅರ್ಧ ಲೀಟರ್ ನೀರೆಂದರೆ ಅರ್ಧ ಕೆ.ಜಿ., ಅದನ್ನು ತಪಾಸಣೆ ದಾಟಿದ ಮೇಲೆ ತುಂಬಿಸಿಕೊಂಡರಾಯಿತು.